ಎಣ್ಣೆಗೆ ಹೆದರದ ಕೈ

ನಾನು ಓದು ನಿಲ್ಲಿಸಿದ್ದು 1993ರಲ್ಲಿ, ಏಳನೇ ತರಗತಿಯ ಅರ್ಧಕ್ಕೆ. ಯಾರೂ ಬಿಡಿಸಲಿಲ್ಲ. ಅಪ್ಪನಿಗೆ ಜ್ವರ ಬಂದಿತ್ತು, ನಾಲ್ಕು ದಿನ ಅವನ ಮಿರ್ಚಿ ಒಲೆಯ ಮುಂದೆ ನಾನು ನಿಂತೆ. ಒಂದು ಬಾಂಡ್ಲಿ ಮಿರ್ಚಿ ತೆಗೆದು ನೋಡಿದರೆ ಎಲ್ಲವೂ ಒಂದೇ ಬಣ್ಣಕ್ಕೆ ಬಂದಿದ್ದವು. ನನ್ನ ಬುದ್ಧಿ ಇರುವುದು ಕೈಯಲ್ಲಿ ಅಂತ ಅವತ್ತೇ ಗೊತ್ತಾಯಿತು. ಮತ್ತೆ ಶಾಲೆಯ ಕಡೆ ಹೋಗಲಿಲ್ಲ, ಅದಕ್ಕೆ ಬೇಜಾರೂ ಇಲ್ಲ.

ಕೊಟ್ಟೂರಿನಲ್ಲಿ ಸಂಜೆ ಮಿರ್ಚಿ ಮಂಡಕ್ಕಿ ತಿನ್ನದೆ ಯಾರಿಗೂ ಹೊತ್ತು ಮುಳುಗುವುದಿಲ್ಲ. ಅಂಥ ಊರಿನಲ್ಲಿ ಮಿರ್ಚಿ ಕರಿಯುವವನಿಗೆ ಹೆಸರು ಸುಮ್ಮನೆ ಬರುವುದಿಲ್ಲ. ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯನ್ನು ಎಣ್ಣೆಗೆ ಮೇಲಿಂದ ಎಸೆಯಬಾರದು. ಕೈಯನ್ನು ಎಣ್ಣೆಯ ಮಟ್ಟಕ್ಕೆ ಇಳಿಸಿ, ಬಾಂಡ್ಲಿಯ ಅಂಚಿನಿಂದ ಮೆಲ್ಲಗೆ ಜಾರಿಸಬೇಕು. ಆಗ ಹಿಟ್ಟು ಬಾಲ ಬಿಡುವುದಿಲ್ಲ, ಮಿರ್ಚಿ ಮೈತುಂಬಿ ಏಳುತ್ತದೆ. ಹೀಗೆ ಜಾರಿಸುವಾಗ ಬಲಗೈಯ ಕಿರುಬೆರಳು ಮತ್ತು ಉಂಗುರದ ಬೆರಳು ಎಣ್ಣೆಗೆ ಎಲ್ಲಕ್ಕಿಂತ ಹತ್ತಿರ ಇರುತ್ತವೆ. ಮೊದಮೊದಲು ಅಲ್ಲಿ ಬೊಬ್ಬೆ ಬರುತ್ತವೆ. ಆಮೇಲೆ ಚರ್ಮ ಪಳಗುತ್ತದೆ. ನಮ್ಮ ಕಸುಬಿನವರು ಒಬ್ಬರನ್ನೊಬ್ಬರು ಅಳೆಯುವುದು ಇದರಿಂದಲೇ: ಯಾರ ಕೈ ಎಣ್ಣೆಗೆ ಹೆದರುವುದಿಲ್ಲ?

ಕೆಲವು ವರ್ಷದ ಹಿಂದೆ ಆ ಎರಡು ಬೆರಳಿಗೆ ಎಣ್ಣೆ ಸಿಡಿದರೆ ಗೊತ್ತಾಗುವುದೇ ನಿಂತಿತು. ನಾನು ಸಂತೋಷಪಟ್ಟೆ.

ಮಂಡಕ್ಕಿ ಭಟ್ಟಿಯ ಹುಸೇನಸಾಬ ದಿನಾ ನನಗೆ ಮಂಡಕ್ಕಿ ಚೀಲ ಹಾಕುವವನು, ಚಿಕ್ಕಂದಿನಿಂದ ಗೆಳೆಯ. ಅವನು ಗಿರಾಕಿಗಳಿಗೆ ನನ್ನ ಕೈ ತೋರಿಸಿ ಹೇಳುತ್ತಿದ್ದ: "ನೋಡ್ರಿ, ನಮ್ಮ ಕೊಟ್ರೇಶಿ ಎಣ್ಯಾಗ ಕೈ ತೊಳಕೊಂಡು ಊಟಕ್ಕ ಕೂಡ್ತಾನ." ಜನ ನಗುತ್ತಿದ್ದರು. ನಾನು ಇನ್ನೂ ಒಂದಿಷ್ಟು ಕೆಳಗೆ ಕೈ ಇಳಿಸುತ್ತಿದ್ದೆ. ಮೊಣಕೈಯ ಕೆಳಗೆ ರೂಪಾಯಿ ಅಗಲದ ಒಂದು ಮಾಸಲು ಮಚ್ಚೆಯೂ ಇತ್ತು. ಒಲೆಯ ಝಳಕ್ಕೆ ಬಣ್ಣ ಹೋಗಿರಬೇಕು ಅಂದುಕೊಂಡಿದ್ದೆ.

ಒಂದು ಸಂಜೆ ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ನನ್ನ ಹೆಂಡತಿ ನಾಗರತ್ನ ಮೂಗು ಅರಳಿಸಿದಳು. "ಏನೋ ಸುಟ್ಟ ವಾಸನಿ ಬರಾಕತ್ತೈತ್ರಿ."

"ಹಿಟ್ಟು ತಳ ಹಿಡಿದಿರಬೇಕು," ಅಂದೆ.

"ಹಿಟ್ಟಲ್ಲ," ಅಂದವಳು ನನ್ನ ಕೈ ನೋಡಿ ಕೂಗಿಬಿಟ್ಟಳು. ಕಿರುಬೆರಳು ಬಾಂಡ್ಲಿಯ ಕಬ್ಬಿಣಕ್ಕೆ ಅಂಟಿಕೊಂಡೇ ಇತ್ತು. ನಾನು ಗಿರಾಕಿಯ ಜೊತೆ ಮಾತಾಡುತ್ತಾ ನಿಂತಿದ್ದೆ.

ಮಿರ್ಚಿ ಕಟ್ಟಿಸಿಕೊಳ್ಳಲು ಬಂದಿದ್ದ ನಮ್ಮ ಓಣಿಯ ಆಶಾ ಕಾರ್ಯಕರ್ತೆ ಹುಲಿಗೆಮ್ಮ ಅಲ್ಲೇ ಇದ್ದಳು. ಬೆರಳು ನೋಡಿದಳು, ತೋಳು ಮೇಲೆತ್ತಿಸಿ ಮಚ್ಚೆ ನೋಡಿದಳು. ಪೊಟ್ಟಣ ತಗೊಂಡು ಹೋಗುವಾಗ ಹೆಂಡತಿಯ ಕಿವಿಯಲ್ಲಿ "ನಾಳೆ ಕೂಡ್ಲಿಗಿ ಆಸ್ಪತ್ರಿಗೆ ಕರ್ಕೊಂಡು ಹೋಗಕ್ಕ, ನಾನೂ ಬರ್ತೀನಿ" ಅಂದಳಂತೆ.

ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರ ಕೋಣೆಯ ಹೊರಗೆ ಸಿಮೆಂಟಿನ ಕಟ್ಟೆ. ನಾನು ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡು ಕೂತಿದ್ದೆ. ಪಕ್ಕದಲ್ಲಿ ಗುಡೇಕೋಟೆ ಕಡೆಯ ಕುರಿ ಕಾಯುವ ಮುದುಕ, ಹೆಗಲ ಮೇಲೆ ಕಂಬಳಿ, ಒಂದು ಪಾದಕ್ಕೆ ಬಟ್ಟೆ ಸುತ್ತಿತ್ತು. ನನ್ನ ಜೇಬನ್ನೇ ನೋಡಿದ.

"ನಿಂದೂ ಅದ ಏನಪಾ?"

"ಇಲ್ಲಜ್ಜ. ನನಗ ಹಲ್ಲುನೋವು."

ಅವನು ಅಡಿಕೆ ಚೂರು ಬಾಯಿಗೆ ಹಾಕಿಕೊಂಡು ತಲೆಯಾಡಿಸಿದ. "ಹೂಂ. ನನಗೂ ಮೊದಲನೆ ದಿನ ಹಲ್ಲುನೋವೇ ಇತ್ತು." ಚೀಲ ನನ್ನ ಕಡೆ ಚಾಚಿದ. ನಾನು ಎಡಗೈಯಿಂದ ಒಂದು ಚೂರು ತಗೊಂಡೆ. ಆ ದಿನ ಯಾರಾದರೂ ನನಗೆ ಉಪಕಾರ ಮಾಡಿದ್ದರೆ ಆ ಮುದುಕನೇ.

ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಕಣ್ಣು ಮುಚ್ಕೊಳ್ಳಿ. ನಾನು ಎಲ್ಲಿ ಮುಟ್ತೀನೋ ಅಲ್ಲಿ ಎಡಗೈ ಬೆರಳಿಟ್ಟು ತೋರಿಸಿ," ಅಂದರು. ಕಣ್ಣು ಮುಚ್ಚಿದೆ. ಹೆಬ್ಬೆರಳಿಗೆ ಮುಟ್ಟಿದರು, ತೋರಿಸಿದೆ. ತೋರುಬೆರಳು, ತೋರಿಸಿದೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಹೊರಗೆ ಯಾರದೋ ಹೆಸರು ಕೂಗಿದರು, ಒಂದು ಬಸ್ಸು ಹಾರನ್ ಹೊಡೆಯಿತು.

"ಮುಟ್ರಿ ಮೇಡಂ," ಅಂದೆ.

ಕಣ್ಣು ಬಿಟ್ಟರೆ ಪೆನ್ನಿನ ತುದಿ ನನ್ನ ಕಿರುಬೆರಳ ಮೇಲೆ ಕೂತಿತ್ತು.

ರೋಗದ ಹೆಸರು ಕುಷ್ಠ. ನಮ್ಮ ಕಡೆ ಆ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ, ದೊಡ್ಡ ರೋಗ ಅನ್ನುತ್ತಾರೆ. ಡಾಕ್ಟರು ಹೇಳಿದ್ದರಲ್ಲಿ ನನಗೆ ನೆನಪಿರುವುದು ಮೂರು ಮಾತು. ಗುಳಿಗೆ ಒಂದು ವರ್ಷ, ದುಡ್ಡು ಕೊಡಬೇಕಾಗಿಲ್ಲ. ಗುಳಿಗೆ ಸುರು ಮಾಡಿದ ಮೇಲೆ ಇನ್ನೊಬ್ಬರಿಗೆ ಅಂಟುವ ಭಯ ಇಲ್ಲ, ಮನೆಯಲ್ಲಿ ಎಲ್ಲರ ಜೊತೆ ಇರಬಹುದು. ಬೆರಳಿನ ಸ್ಪರ್ಶ ತಿರುಗಿ ಬರಬಹುದು, ಬರದೆಯೂ ಇರಬಹುದು.

"ಬರದಿದ್ರೆ ಒಲಿ ಮುಂದ ಹೆಂಗ ನಿಂದ್ರಲಿ?" ಅಂತ ಕೇಳಿದೆ.

"ನಿಲ್ಲಬೇಡಿ. ಇನ್ನೊಂದ್ಸಲ ಹಂಗೆ ಸುಟ್ಕೊಂಡ್ರೆ ಬೆರಳೇ ಹೋಗುತ್ತೆ," ಅಂದರು.

ಆ ಮೂರನೆಯ ಮಾತನ್ನೇ ಹಿಡಿದುಕೊಂಡು ಮನೆಗೆ ಬಂದೆ.

ಹುಲಿಗೆಮ್ಮ ಮನೆಗೆ ಬಂದು ಅವ್ವನದೂ ನಾಗರತ್ನಳದೂ ಮೈ ನೋಡಿ, ಏನೂ ಇಲ್ಲ ಅಂತ ಹೇಳಿ ಹೋದಳು. ಮರುದಿನ ಬೆಳಿಗ್ಗೆ ನನ್ನ ಚಹಾ ಗ್ಲಾಸು ಮಾತ್ರ ಗೋಡೆಯ ಬೇರೆ ಗೂಡಿನಲ್ಲಿ, ಒಂದೇ, ಬೋರಲಾಗಿ ಕೂತಿತ್ತು. ಇಟ್ಟವಳು ಅವ್ವ. ನಾಗರತ್ನ ಅದನ್ನು ತೆಗೆದು ಉಳಿದವುಗಳ ಜೊತೆ ಸೇರಿಸಿದಳು. ಸಂಜೆಗೆ ಮತ್ತೆ ಅಲ್ಲೇ ಇತ್ತು. ಆ ಗ್ಲಾಸು ಹಾಗೆ ಅತ್ತಿತ್ತ ಓಡಾಡುವುದನ್ನು ನನ್ನಿಂದ ನೋಡಲಾಗಲಿಲ್ಲ. ಹಾಸಿಗೆ ಸುತ್ತಿಕೊಂಡು ನಾನೇ ಮಾಳಿಗೆ ಹತ್ತಿದೆ.

"ಡಾಕ್ಟರು ಏನಂದ್ರು ಮರ್ತ್ರೇನು? ಕೆಳಗ ಇರಬೌದು ಅಂದಾರ," ಅಂತ ನಾಗರತ್ನ ಮೆಟ್ಟಿಲ ಮೇಲೆ ನಿಂತು ಗದರಿದಳು.

"ಯಾರೋ ಇರು ಅಂದ್ರೆ ಇರಾಂವಲ್ಲ, ಹೋಗು ಅಂದ್ರೆ ಹೋಗಾಂವಲ್ಲ ನಾನು," ಅಂದೆ.

ಮಗಳನ್ನು ಹಡಗಲಿಗೆ ಕೊಟ್ಟಿದ್ದೆವು. ಮಾತು ಅಲ್ಲಿಗೆ ಹೋದರೆ ಏನೋ ಅನ್ನುವ ಹೆದರಿಕೆ ನಾಗರತ್ನಳಿಗೂ ಇತ್ತು. ಹಾಗಾಗಿ ಒಲೆ ಯಾಕೆ ಹಚ್ಚಿಲ್ಲ ಅಂತ ಕೇಳಿದವರಿಗೆಲ್ಲ "ಹರಪನಹಳ್ಳಿಗೆ ತಂಗಿ ಮನಿಗೆ ಹೋಗ್ಯಾರ" ಅಂತ ಹೇಳತೊಡಗಿದಳು. ನಾನು ಅವಳ ತಲೆಯ ಮೇಲೆಯೇ, ಹತ್ತು ಅಡಿ ಎತ್ತರದಲ್ಲಿ, ಚಾಪೆಯ ಮೇಲೆ ಮಲಗಿ ನನ್ನ ಹರಪನಹಳ್ಳಿಯ ಸುದ್ದಿ ಕೇಳುತ್ತಿದ್ದೆ.

ನಮ್ಮ ಮನೆಯ ಮುಂದಿನ ಭಾಗ, ಅಂಗಡಿಯ ಮೇಲಿನದು, ಸ್ಲ್ಯಾಬಿನದು. ಅಲ್ಲಿ ಒಂದು ತಗಡಿನ ಶೆಡ್ಡು. ಹಿಂದಿನ ಭಾಗ ಅಪ್ಪನ ಕಾಲದ ಮಣ್ಣಿನ ಮಾಳಿಗೆ. ಮುಂದಿನ ಗೋಡೆ ಮೊಣಕಾಲೆತ್ತರ ಮಾತ್ರ. ಎದ್ದು ನಿಂತರೆ ಇಡೀ ಓಣಿಗೆ ಕಾಣುತ್ತಿದ್ದೆ. ಖಾಲಿ ಎಣ್ಣೆ ಡಬ್ಬಿಗಳು ಶೆಡ್ಡಿನಲ್ಲಿ ರಾಶಿ ಬಿದ್ದಿದ್ದವು. ಅವನ್ನು ಗೋಡೆಯುದ್ದಕ್ಕೂ ಸಾಲು ಇಟ್ಟು, ಹೀರೇಬಳ್ಳಿ ಹಬ್ಬಿಸಿದರೆ ಒಂದು ಮರೆಯಾಗುತ್ತದೆ ಅನ್ನಿಸಿತು. ಹೂವು ಕಾಯಿ ಯಾವುದರ ಆಸೆಯೂ ನನಗೆ ಇರಲಿಲ್ಲ. ನನಗೆ ಬೇಕಾಗಿದ್ದು ಪರದೆ.

ಎಡಗೈಯಲ್ಲಿ ಮೊಳೆ ಹೊಡೆದು ಡಬ್ಬಿಗಳ ತಳಕ್ಕೆ ತೂತು ಮಾಡಿದೆ. ಮಣ್ಣು ತರಲು ಓಣಿಗೆ ಇಳಿಯಬೇಕು. ಹರಪನಹಳ್ಳಿಯಲ್ಲಿ ಇರುವವನು ಹೇಗೆ ಇಳಿಯುತ್ತಾನೆ? ಮಾಳಿಗೆಯ ಮೂಲೆಯಲ್ಲಿ ಒಂದು ಗುಡ್ಡೆ ಮಣ್ಣು ಸಿದ್ಧವಾಗಿಯೇ ಇತ್ತು. ಡಬ್ಬಿಗಳಿಗೆ ಅದನ್ನೇ ತುಂಬಿ, ಹೀರೆ ಬೀಜ ಊರಿ, ಬೆಳಿಗ್ಗೆ ಸಂಜೆ ನೀರು ಹಾಕಿದೆ. ನೀರು ಮೇಲೆಯೇ ನಿಂತಿತು. ಅದರಲ್ಲಿ ಮೋಡ ಕಂಡವು, ಒಂದು ದಿನ ಗುಬ್ಬಿ ಬಂದು ಮಿಂದು ಹೋಯಿತು. ಬೀಜ ಮಾತ್ರ ಏಳಲಿಲ್ಲ. ಮಣ್ಣು ಒಳಗೆ ಹಸಿಯೋ ಒಣವೋ ನೋಡೋಣ ಅಂತ ಬೆರಳು ತೂರಿಸಿದೆ. ರೂಢಿಯಂತೆ ಬಲಗೈಯದೇ, ಕಿರುಬೆರಳು. ಅದು ನನಗೆ ಏನೂ ಹೇಳಲಿಲ್ಲ.

ಅವತ್ತು ಮಧ್ಯಾಹ್ನ ಮೆಟ್ಟಿಲ ಕಡೆ ನಗು ಕೇಳಿಸಿತು. ಎಷ್ಟೋ ದಿನದಿಂದ ಮಾಳಿಗೆ ಹತ್ತದ ಅವ್ವ, ಮಂಡಿ ಹಿಡಿದುಕೊಂಡು ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದಳು.

"ಏನ್ ತುಂಬಿದಿಯಲೇ ಡಬ್ಬಿಗೆ?"

"ಮಣ್ಣು."

"ಯಾವ್ ಮಣ್ಣು?"

"ಆ ಮೂಲ್ಯಾಗಿಂದು."

"ಅಯ್ಯೋ ನನ್ನಪ್ಪಾ! ಅದು ಚೌಳು ಮಣ್ಣಲೋ. ಮಳಿಗಾಲಕ್ಕ ಮಾಳಿಗಿ ಮ್ಯಾಲೆ ಬಡಿಯಾಕ ನಾನ ತರಿಸಿಟ್ಟಿದ್ದೆ. ಒಂದ್ ಹನಿ ನೀರು ಇಳೀಬಾರ್ದು ಅಂತ ಹಾಕೋ ಮಣ್ಣಾಗ ಬೀಜ ಊರ್ಯಾನ ನೋಡು! ನಿಮ್ಮಪ್ಪ ಇದ್ದಿದ್ರ ನಕ್ಕು ನಕ್ಕು ಸಾಯ್ತಿದ್ದ."

ಹುಟ್ಟಿದಾಗಿಂದ ಆ ಮಾಳಿಗೆಯ ಕೆಳಗೆ ಮಲಗಿದವನು ನಾನು. ಆ ಮಣ್ಣಿನ ಗುಣ ಗೊತ್ತಿಲ್ಲದೆ ಇರಲಿಲ್ಲ. ತಲೆ ಎಲ್ಲಿತ್ತೋ. ನಾನೂ ನಕ್ಕೆ. ಆ ಸುದ್ದಿಯಾದ ಮೇಲೆ ಮೊದಲ ಸಲ ನಕ್ಕದ್ದು ಅದೇ.

ಅವ್ವ ಬಂದು ನನ್ನ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ನನ್ನ ಬಲಗೈ ಎಳೆದು, ಉಗುರಿನಲ್ಲಿ ಸಿಕ್ಕಿದ್ದ ಚೌಳು ಮಣ್ಣನ್ನು ತನ್ನ ಸೆರಗಿನ ತುದಿಯಿಂದ ಒಂದೊಂದಾಗಿ ತೆಗೆದಳು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಆಮೇಲಿನ ಎರಡನ್ನು ಅವಳು ತೆಗೆಯುತ್ತಿದ್ದುದು ಕಣ್ಣಿಗೆ ಕಂಡಿತು, ಅಷ್ಟೇ. ಮರುದಿನ ಆ ಗ್ಲಾಸು ಉಳಿದವುಗಳ ಜೊತೆ ಇತ್ತು ಅಂತ ನಾಗರತ್ನ ಹೇಳಿದಳು.

ಮುಂದಿನ ವಾರ ಅವ್ವನೇ ಯಾರಿಗೋ ಹೇಳಿ ಕೆಂಪು ಮಣ್ಣು, ಆಡಿನ ಹಿಕ್ಕೆಯ ಗೊಬ್ಬರ ತರಿಸಿದಳು. ಈ ಸಲ ನೀರು ಹಾಕಿದರೆ ಡಬ್ಬಿ ಗುಟುಕು ಗುಟುಕಾಗಿ ಕುಡಿಯುವ ಸದ್ದು ಕೇಳಿಸಿತು. ಕಿವಿಯಿಟ್ಟು ಕೇಳಿದೆ. ಹೀರೆ ಎದ್ದವು. ಅವುಗಳ ನಡುವೆ ಮೆಣಸಿನ ಸಸಿ ನೆಟ್ಟೆ. ಬೇರೆ ಯಾವ ಗಿಡ ನೆಡಬೇಕು ಅಂತ ನನ್ನ ಕೈಗೆ ತೋಚಲಿಲ್ಲ.

ಮಳೆಗಾಲ ಬಂತು ಅನ್ನುವುದಕ್ಕಿಂತ ಮೋಡಗಾಲ ಬಂತು ಅನ್ನಬೇಕು. ನಮ್ಮಲ್ಲಿ ಮೋಡ ಬರುತ್ತವೆ, ನೋಡುತ್ತವೆ, ಹೋಗುತ್ತವೆ. ಅವುಗಳ ನೆರಳು ಮಾಳಿಗೆಯ ಮೇಲೆ ಹಾದು ಹೋಗುವಾಗ ಎಲೆಗಳೆಲ್ಲ ಒಮ್ಮೆ ಕಪ್ಪಾಗಿ ಮತ್ತೆ ಹಸಿರಾಗುತ್ತಿದ್ದವು. ಗುಳಿಗೆಯ ಗುಣಕ್ಕೆ ನನ್ನ ಮೈಯೂ ಕಪ್ಪಾಗುತ್ತಿತ್ತು. ಜೊತೆಗೆ ನರದ ಊತಕ್ಕೆ ಕೊಟ್ಟ ಇನ್ನೊಂದು ಗುಳಿಗೆಗೆ ಮುಖ ಉಬ್ಬಿತು. ಸದಾ ಜೋಂಪು. ಮಧ್ಯಾಹ್ನದ ಹೊತ್ತಿನಲ್ಲಿ ನಿದ್ದೆಯೋ ಎಚ್ಚರವೋ ತಿಳಿಯುತ್ತಿರಲಿಲ್ಲ. ಕೆಳಗಿನ ಓಣಿಯ ಸದ್ದುಗಳು, ಸೈಕಲ್ಲಿನ ಗಂಟೆ, ಕೊಡ ಇಟ್ಟ ಸದ್ದು, ಯಾರದೋ ಜಗಳ, ನೀರಿನೊಳಗಿಂದ ಕೇಳಿದಂತೆ ಬರುತ್ತಿದ್ದವು. ಮೂವತ್ತು ವರ್ಷ ಒಲೆಯ ಮುಂದೆ ನಿಂತವನಿಗೆ ಹೀರೆ ಹೂವು ಸಂಜೆ ಅರಳುತ್ತದೆ ಅಂತಲೇ ಗೊತ್ತಿರಲಿಲ್ಲ. ಸಂಜೆ ನಾನು ಯಾವಾಗ ಬಿಡುವಾಗಿದ್ದೆ? ಅವು ಒಂದೊಂದೇ ಹಳದಿಯಾಗಿ ತೆರೆಯುವಾಗ, ಕೆಳಗೆ ಬೇರೆಯವರ ಬಾಂಡ್ಲಿಯಿಂದ ಕಡ್ಲೆಹಿಟ್ಟಿನ ವಾಸನೆ ತೇಲಿ ಬರುತ್ತಿತ್ತು. ಅವರ ಎಣ್ಣೆ ಸ್ವಲ್ಪ ಹೆಚ್ಚು ಕಾದಿದೆ ಅಂತ ಮೂಗು ಹೇಳುತ್ತಿತ್ತು.

ದಿನಾ ಅದೇ ಹೊತ್ತಿಗೆ ನಾಗರತ್ನ ಬಂದು ಡಾಕ್ಟರ ಆಟ ಆಡುತ್ತಿದ್ದಳು.

"ಕಣ್ ಮುಚ್ರಿ."

ಕೆಳಗಿಂದ ತಂದ ದೊಡ್ಡಪತ್ರೆಯ ನವಿರು ಎಲೆಯಿಂದಲೋ, ಹೀರೆ ಹೂವಿನ ಎಸಳಿನಿಂದಲೋ ಮುಟ್ಟುತ್ತಿದ್ದಳು. "ಎಲ್ಲಿ?"

"ನಡುಬೆರಳು."

"ಈಗ?"

ಒಂದು ದಿನ ತಡೆಯಲಾಗದೆ "ಕಿರುಬೆರಳು!" ಅಂದುಬಿಟ್ಟೆ.

ಆಮೇಲೆ ಅಂದಳು, "ಇನ್ನೂ ಮುಟ್ಟೇ ಇಲ್ರಿ ನಾನು."

ಕಣ್ಣು ಬಿಡಲು ನಾಚಿಕೆಯಾಯಿತು. ಅವಳೇ ಎಲೆಯಿಂದ ನನ್ನ ಮೂಗಿಗೆ ಬಡಿದು, "ಸುಳ್ಳ! ಗಿರಾಕಿಗೆ ಮೋಸ ಮಾಡದಾಂವ ಹೆಂಡ್ತಿಗೆ ಮೋಸ ಮಾಡ್ತಾನ," ಅಂದಳು.

ಬಳ್ಳಿ ಪರದೆಯಷ್ಟು ದಟ್ಟವಾದಾಗ ಒಂದು ದಿನ ಕೆಳಗೆ ಹುಸೇನಸಾಬನ ದನಿ ಕೇಳಿಸಿತು.

"ಏನಮ್ಮಾ, ಕೊಟ್ರೇಶಿ ಇನ್ನೂ ಹರಪನಹಳ್ಳಿಯಾಗ ಅದಾನೇನು?"

"ಹೂಂ ಸಾಬಣ್ಣ. ಅಲ್ಲೇ ಅದಾರ."

"ಭಾಳ ಉದ್ದ ಕೈ ಬಿಡಮ್ಮ ಅವಂದು. ಹರಪನಹಳ್ಳಿಯಾಗ ಕುಂತು ಕೊಟ್ಟೂರಾಗ ಬಳ್ಳಿಗೆ ನೀರು ಹಾಕ್ತಾನ! ಗಾಡಿ ಇಲ್ಲಿ ಹಾಯುವಾಗ ನನ್ನ ಮಂಡಕ್ಕಿ ಚೀಲದ ಮ್ಯಾಲೆ ದಿನಾ ನಿಮ್ಮ ಮಾಳಿಗಿ ಪೈಪಿನಾಗಿಂದ ಸುರೀತೈತಿ ನೋಡು."

ನಾನು ಹೂಜಿ ಹಿಡಿದುಕೊಂಡೇ ಕಲ್ಲಾದೆ. ಅವನು ಕೇಳದೆಯೇ ಮೆಟ್ಟಿಲು ಹತ್ತಿ ಬಂದ. ಕಪ್ಪಾದ ನನ್ನ ಮುಖ, ಉಬ್ಬಿದ ಕೆನ್ನೆ ನೋಡಿದ. ನಾನು ಮುಚ್ಚಿಡಲಿಲ್ಲ. ರೋಗದ ಹೆಸರನ್ನು ಪೂರ್ತಿ ಹೇಳಿದೆ.

ಅವನು ಚಾಪೆಯ ಮೇಲೆ ಕೂತ. ಒಂದು ಎಳೆ ಹೀರೇಕಾಯಿ ಕಿತ್ತು, ಅಂಗಿಗೆ ಒರೆಸಿ, ಹಸಿಯಾಗಿಯೇ ಕಡಿದ. "ಲೇ ಹುಚ್ಚ. ಎಣ್ಯಾಗ ಕೈ ತೊಳಕೊಂತಾನ ಅಂತ ಊರ ಮುಂದೆಲ್ಲ ಹೇಳ್ದಾಂವ ನಾನು. ಅದು ರೋಗ ಅಂತ ನನಗಾರ ಗೊತ್ತಾಗಬಾರ್ದೇನಲೇ?" ಅರ್ಧ ಕಾಯಿ ನನ್ನ ಕಡೆ ಚಾಚಿದ. "ಒಲಿ ಯಾವಾಗ ಹಚ್ತಿ?"

"ಕೈಗೆ ಗೊತ್ತಾಗೋತನ ಹಚ್ಚಲ್ಲ."

"ಗೊತ್ತಾಗದ ಇದ್ರ?"

ಅವನು ಕಡಿದುಕೊಟ್ಟ ಕಾಯಿಯನ್ನು ತಿಂದೆ. ಕಹಿ ಇರಲಿಲ್ಲ.

ಆಮೇಲೆ ಕೆಲವು ದಿನಕ್ಕೆ ಆದದ್ದನ್ನು ಹೇಗೆ ಬರೆಯಲಿ ತಿಳಿಯದು. ಮಧ್ಯಾಹ್ನ. ಮೋಡ ಕವಿದಿತ್ತು, ಗಾಳಿ ಇರಲಿಲ್ಲ. ಬಳ್ಳಿಯ ಪಕ್ಕದಲ್ಲಿ ಮಲಗಿದ್ದೆ, ಬಲಗೈ ಡಬ್ಬಿಯ ಅಂಚಿನ ಮೇಲೆ ಚಾಚಿಕೊಂಡಿತ್ತು. ಕನಸಿನಲ್ಲಿ ಅಪ್ಪ ಬಂದಿದ್ದ. ಜಾತ್ರೆಯೋ ಸಂತೆಯೋ, ಬಹಳ ಜನ. ನಾನು ಚಿಕ್ಕವನು, ಅಪ್ಪ ನನ್ನ ಒಂದು ಬೆರಳು ಹಿಡಿದುಕೊಂಡಿದ್ದ. ಎಳೆಯುತ್ತಿರಲಿಲ್ಲ, ಸುಮ್ಮನೆ ಹಿಡಿದಿದ್ದ. ಜನ ಕರಗಿದರು, ಅಪ್ಪ ಕರಗಿದ. ಹಿಡಿತ ಮಾತ್ರ ಉಳಿಯಿತು.

ಕಣ್ಣು ಬಿಡಲಿಲ್ಲ. ನಾಗರತ್ನ ಹಿಡಿದ ಸುಳ್ಳು ನೆನಪಿತ್ತು. ಮುಚ್ಚಿದ ಕಣ್ಣಿನಲ್ಲೇ ನನ್ನನ್ನು ನಾನೇ ಕೇಳಿಕೊಂಡೆ: ಎಲ್ಲಿ? ಎಡಗೈ ತಂದು ಇಟ್ಟೆ. ಉಂಗುರದ ಬೆರಳು.

ಆಮೇಲೆ ನೋಡಿದೆ. ಹೀರೇಬಳ್ಳಿಯ ತುದಿಯಲ್ಲಿ ದಾರದಂಥ ನುಲಿಗಳು ಇರುತ್ತವಲ್ಲ, ಹತ್ತಲು ಆಸರೆ ಹುಡುಕುತ್ತಾ ಗಾಳಿಯಲ್ಲಿ ತಡಕಾಡುವಂಥವು, ಅವುಗಳಲ್ಲಿ ಒಂದು ನನ್ನ ಉಂಗುರದ ಬೆರಳಿಗೆ ಸುತ್ತಿಕೊಂಡಿತ್ತು. ಇನ್ನೊಂದು ಕಿರುಬೆರಳಿಗೆ, ಅದಕ್ಕಿಂತ ಬಿಗಿಯಾಗಿ. ಅದು ನನಗೆ ಗೊತ್ತೇ ಆಗಿರಲಿಲ್ಲ. ಕಣ್ಣಿಲ್ಲದ ಬಳ್ಳಿಗೆ ನನ್ನ ಎರಡೂ ಬೆರಳು ಗೊತ್ತಾಗಿದ್ದವು, ನನಗೆ ಒಂದೇ.

ಕದಲದೆ ಮಲಗಿದ್ದೆ. ನಾಗರತ್ನ ಬಂದಾಗ, "ಮುಟ್ಟಬ್ಯಾಡ, ಹಂಗ ಇರಲಿ" ಅಂದೆ. ಅವಳು ನೋಡಿ, ನನ್ನ ಕಾಲು ಒತ್ತುತ್ತಾ ಕೂತಳು. ಆಮೇಲೆ ಬಟ್ಟೆ ಹೊಲಿಯುವ ಕತ್ತರಿ ತಂದು ನುಲಿಗಳನ್ನು ಮೆಲ್ಲಗೆ ಕತ್ತರಿಸಿದಳು. ಉಂಗುರದ ಬೆರಳಿನದು ಒಣಗಿ ತಾನೇ ಉದುರುವ ತನಕ ನಾನು ಬಿಚ್ಚಲಿಲ್ಲ.

ಮುಂದಿನ ಸಲ, ಬೆಳಗಿನ ಕತ್ತಲಲ್ಲೇ ಬಸ್ಸು ಹಿಡಿದು ಕೂಡ್ಲಿಗಿಗೆ ಹೋದಾಗ, ಡಾಕ್ಟರು ಪೆನ್ನಿನ ತುದಿಯಿಂದ ಮುಟ್ಟಿದಾಗ ಉಂಗುರದ ಬೆರಳನ್ನು ತಪ್ಪದೆ ತೋರಿಸಿದೆ. ಅವರು ಕಿರುಬೆರಳ ಮೇಲೆ ಬಹಳ ಹೊತ್ತು ಪ್ರಯತ್ನ ಮಾಡಿದರು. ಕೊನೆಗೆ, "ಇದು ಇಷ್ಟೇ ಅನ್ಸುತ್ತೆ ಕೊಟ್ರೇಶ್. ಇನ್ಮೇಲೆ ಇದನ್ನ ಕಣ್ಣಲ್ಲೇ ಕಾಯ್ಬೇಕು ನೀವು," ಅಂದರು. ಹೊರಗೆ ಕಟ್ಟೆಯ ಮೇಲೆ ಒಬ್ಬ ಯುವಕ ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ಕೂತು, "ಹಲ್ಲುನೋವಾ?" ಅಂತ ಕೇಳಿದೆ. ಹೂಂ ಅಂದ. ಅಡಿಕೆ ಚೂರು ಕೊಟ್ಟೆ.

ಗುಳಿಗೆ ಮುಗಿದ ಮೇಲೆ ಮಾಳಿಗೆಯಿಂದ ಹಾಸಿಗೆ ಇಳಿಸಿದೆ. ಒಣಗಿದ್ದ ಹೀರೇಬಳ್ಳಿಯನ್ನು ಕಿತ್ತು, ಮುಂದಿನ ಗೋಡೆಯ ಸಾಲಿನಲ್ಲಿ ಮೆಣಸಿನ ಗಿಡಗಳನ್ನು ಮಾತ್ರ ಇಟ್ಟೆ. ಈಗ ಅಲ್ಲಿ ನಿಂತರೆ ಓಣಿಗೆಲ್ಲ ಕಾಣುತ್ತೇನೆ. ಕಂಬಾರನ ಹತ್ತಿರ ಉದ್ದ ಹಿಡಿಯ ಇಕ್ಕಳ ಮಾಡಿಸಿದೆ. ಇಕ್ಕಳದಲ್ಲಿ ಜಾರಿಸಿದ ಮಿರ್ಚಿಗೆ ಬಾಲ ಬರುತ್ತದೆ; ಬಾಲ ಬರದ ಹಾಗೆ ಜಾರಿಸಲು ಹೊಸದಾಗಿ ಕಲಿಯಬೇಕಾಯಿತು.

ಒಲೆ ಹಚ್ಚಿದ ಮೊದಲ ಸಂಜೆ, ಬಾಂಡ್ಲಿಯಲ್ಲಿ ಎಣ್ಣೆ ಕಾಯುವ ಮೊದಲೇ, ನಿಂತಿದ್ದವರಿಗೆ ಕೇಳುವಂತೆ ನಾನೇ ಹೇಳಿದೆ: "ನನಗ ದೊಡ್ಡ ರೋಗ ಬಂದಿತ್ರಿ. ಹರಪನಹಳ್ಳಿಗೆ ಹೋಗಿದ್ದಿಲ್ಲ. ಗುಳಿಗಿ ಮುಗಿಸೀನಿ, ವಾಸಿ ಆಗೈತಿ. ತಿನ್ನೋರು ತಿನ್ರಿ, ಹೋಗೋರು ಹೋಗ್ರಿ, ಮನಸಿನ್ಯಾಗ ಇಟ್ಕಂಡು ನಿಂದ್ರಬ್ಯಾಡ್ರಿ."

ಮಗಳ ಅತ್ತೆಯ ಕಡೆಯವರಿಗೆ ಅದನ್ನು ಅವತ್ತು ಬೆಳಿಗ್ಗೆಯೇ ಫೋನಿನಲ್ಲಿ ಹೇಳಿದ್ದೆ. ಬೀಗರು "ಊಟ ಸೇರ್ತೈತೇನ್ರಿ ಈಗ?" ಅಂತ ಕೇಳಿದ್ದರು.

ಕೆಲವರು ಹೋದರು. ಇವತ್ತಿಗೂ ಬಾರದವರು ಇದ್ದಾರೆ, ಅವರ ಹೆಸರು ನನಗೆ ಬೇಡ. ಹುಸೇನಸಾಬ ಮುಂದೆ ಬಂದು ಮೊದಲ ಮಿರ್ಚಿ ಎತ್ತಿಕೊಂಡ, ಬಾಯಿ ಸುಟ್ಟುಕೊಂಡ, ಅಲ್ಲೇ ಕುಣಿದ. "ಖಾರಲೇ! ಯಾವೂರ ಮೆಣಸಿನಕಾಯಿ ಇದು?"

ನಾನು ಮೇಲೆ ಮಾಳಿಗೆಯ ಕಡೆ ಕೈ ತೋರಿಸಿದೆ. "ಹರಪನಹಳ್ಳಿದು."

ಈಗ ನನ್ನ ಹತ್ತಿರ ಇರುವುದು ಇಷ್ಟು. ಮಾಳಿಗೆಯ ಮೇಲೆ ಎಣ್ಣೆ ಡಬ್ಬಿ ಇಪ್ಪತ್ತಾರು. ಅವುಗಳಲ್ಲಿ ಮೆಣಸು ಹದಿನಾಲ್ಕು, ಟೊಮೇಟೊ ಐದು, ಹೀರೆ ಮೂರು, ದೊಡ್ಡಪತ್ರೆ ಎರಡು, ಕರಿಬೇವು ಒಂದು. ಉಳಿದ ಒಂದು ಡಬ್ಬಿಯಲ್ಲಿ ಚೌಳು ಮಣ್ಣು. ಅದು ಅವ್ವನ ಮಾಳಿಗೆಗೆ ಬೇಕಾಗುತ್ತದೆ. ಒಂದು ಒಲೆ. ಒಂದು ಇಕ್ಕಳ. ಒಂದೇ ಗೂಡಿನಲ್ಲಿ ಗ್ಲಾಸು ಮೂರು. ಮುಟ್ಟಿದರೆ ತಿಳಿಯುವ ಬೆರಳು ಒಂಬತ್ತು.